ಮಕಬೂಲಸಾಬನ ಹೆಸರಿನ ಬಾವಿ

ಗಬ್ಬೂರಿನ ನಮ್ಮ ಓಣಿಗೆ ನಳದ ನೀರು ವಾರಕ್ಕೊಮ್ಮೆ ಬರುತ್ತದೆ. ಅದೂ ನಮಗೆ ಉಪಕಾರ ಮಾಡಿದ ಹಾಗೆ. ಹೀಗಾಗಿ ನಾವೆಲ್ಲ ಹುಸೇನಬಿಯ ಬಾವಿಯನ್ನೇ ನಂಬಿದ್ದೆವು. ಅವಳ ಗಂಡ ಮಕಬೂಲಸಾಬ ಲಾರಿ ಮೆಕ್ಯಾನಿಕ್. ಆತ ತೋಡಿಸಿದ ಬಾವಿ ಅದು. ಆತ ತೀರಿಕೊಂಡ ಮೇಲೆ ಅವಳು ಹಿತ್ತಲಿನ ಬೀಗ ತೆಗೆದು, ಯಾರು ಬೇಕಾದರೂ ಸೇದಿಕೊಳ್ಳಲಿ ಎಂದಳು. ಒಂದೊಂದು ಕೊಡದ ಪುಣ್ಯವೂ ಗೋರಿಯಲ್ಲಿರುವ ಗಂಡನಿಗೆ ಮುಟ್ಟುತ್ತದೆ ಎಂಬುದು ಅವಳ ನಂಬಿಕೆ.

ಯಾರಾದರೂ ಬಾವಿಯ ನೀರಿಗೆ ಮೂಗು ಮುರಿದರೆ, "ಬ್ಯಾಳಿ ಹಾಕಿ ನೋಡ್ರಿ, ಎರಡು ಸೀಟಿಗೆ ಬೆಣ್ಣಿಯಂಗ ಬೇಯ್ತೈತಿ," ಎನ್ನುವಳು. ಬೇಳೆ ಬೆಂದರೆ ನೀರು ಛಲೋ ಎಂದು ಎಲ್ಲರೂ ತಲೆಯಾಡಿಸಿದವರೇ. ಮೂವತ್ತು ವರ್ಷ ಸಾಲಿ ಮಾಸ್ತರನಾಗಿದ್ದ ನನಗೂ ಇದ್ದದ್ದು ಅಷ್ಟೇ ಬುದ್ಧಿ.

ಈ ಸಲದ ಜಡಿಮಳೆಗೆ ಓಣಿಯ ನಾಲ್ಕು ಮನೆಗಳಲ್ಲಿ ವಾಂತಿಭೇದಿ ಶುರುವಾಯಿತು. ಎದುರು ಮನೆಯ ಈರವ್ವನ ಮೊಮ್ಮಗಳಿಗೆ ಮೂರು ದಿನ ಸಲಾಯಿನ್ ಹಚ್ಚಿದರು. ಆರೋಗ್ಯ ಕಾರ್ಯಕರ್ತೆ ರಜನಿ ಬಂದು, ಔಷಧಿ ಸವರಿದ ಸಣ್ಣ ಬಾಟಲಿಗೆ ಬಾವಿಯ ನೀರು ತುಂಬಿ, ನೀರು ಕೆಟ್ಟಿದ್ದರೆ ಕಪ್ಪಾಗುತ್ತದೆ ಎಂದು ಹೇಳಿ, ಹುಸೇನಬಿಯ ಕಪಾಟಿನ ಮೇಲೇ ಇಟ್ಟುಹೋದಳು. ಎರಡನೆಯ ದಿನ ನೋಡಿದರೆ ಅದು ಮಸಿಯ ಹಾಗೆ ಕಪ್ಪಾಗಿತ್ತು.

"ನೀರು ಕಪ್ಪ ಮಾಡಿದ್ದು ಕರುಳಾಗ ಇರೋ ಸಣ್ಣ ಜೀವಗಳು ರೀ, ಕಣ್ಣಿಗೆ ಕಾಣಂಗಿಲ್ಲ," ಎಂದಳು ರಜನಿ. "ಅಲ್ಲಿದ್ರ ತ್ರಾಸಿಲ್ಲ. ನೀರಾಗ ಸಿಕ್ಕಾವಂದ್ರ ಪಾಯಖಾನಿ ನೀರು ಬಾವಿಗೆ ಕೂಡಾಕತ್ತೈತಿ. ಇವು ಬಂದ ದಾರ್ಯಾಗ ಜಡ್ಡೂ ಬರ್ತಾವ."

ಹುಡುಕುವ ಅಗತ್ಯವೇ ಇರಲಿಲ್ಲ. ಬಾವಿಯಿಂದ ಹತ್ತು ಹೆಜ್ಜೆಗೆ ಹುಸೇನಬಿಯದೇ ಪಾಯಖಾನೆ ಗುಂಡಿ. ಕೊನೆಯ ವರ್ಷ ನಡೆಯಲಾಗದ ಗಂಡನಿಗಾಗಿ ಅವಳೇ ಮುಂದೆ ನಿಂತು ಕಟ್ಟಿಸಿದ್ದು.

"ಬಾವಿ ಕೆಟ್ಟೈತಿ ಅಂತಷ್ಟ ಹೇಳೂಣ," ಎಂದೆ. ಅವಳು ಒಪ್ಪಲಿಲ್ಲ. ತಲೆಯ ಮೇಲೆ ಸೆರಗು ಹೊದ್ದು ಮನೆಮನೆಗೆ ಹೋದಳು. "ನಮ್ಮ ಪಾಯಖಾನಿ ನೀರು ನಿಮಗ ಕುಡಿಸೇನಿ. ಮಾಫ್ ಮಾಡ್ರಿ." ಈರವ್ವ ಬಾಗಿಲು ಹಾಕಿಕೊಂಡಳು. ನನಗೆ ಕೆಟ್ಟ ಸಿಟ್ಟು ಬಂತು, ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ.

ವಾಪಸು ಬಂದವಳೇ ಹಗ್ಗ ಬಿಚ್ಚಿ, ಬಾವಿಯ ಬಾಯಿಗೆ ತಗಡು ಎಳೆದಳು. ಪಾಯಖಾನೆ ಗುಂಡಿಯನ್ನು ಅಲ್ಲಿಂದ ತೆಗೆಸಿ, ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದರೆ ಮುಂದೆ ನೀರು ಸರಿಯಾದೀತು ಎಂದು ರಜನಿ ಸಮಾಧಾನ ಹೇಳುತ್ತಲೇ ಇದ್ದಳು. ಹುಸೇನಬಿ ನನ್ನ ಕಡೆ ತಿರುಗಿದಳು.

"ಮಾಸ್ತರ, ಹಂಗಾದ್ರ ಇಷ್ಟು ವರ್ಷ ಗೋರ್ಯಾಗಿರೋ ಅವರಿಗೆ ಮುಟ್ಟಿದ್ದು ಏನ್ರಿ?"