ಅಜ್ಜಿ ನೆಲದ ಮೇಲೆ ಕೂತ ಭಾನುವಾರ

ಆ ದಿನಗಳಲ್ಲಿ ಮುಂಬಯಿಯ ಘಾಟ್ಕೋಪರಿಗೆ ಮೆಟ್ರೊ ಇರಲಿಲ್ಲ. ಭಾನುವಾರ ಮೀನುಸಾರಿನ ಊಟ ಮುಗಿಸಿ ಅಜ್ಜಿ, ಅಮ್ಮ, ನಾನು ವಿಲೆ ಪಾರ್ಲೆಯಲ್ಲಿ ಲೋಕಲ್ ಹಿಡಿಯುತ್ತಿದ್ದೆವು. ಪಪ್ಪನಿಗೆ ಏರ್‌ಪೋರ್ಟಿನ ಕ್ಯಾಂಟೀನಿನಲ್ಲಿ ಭಾನುವಾರವೂ ಡ್ಯೂಟಿ. ಸ್ಟೇಷನ್ನಿನವರೆಗೂ ಬಿಸ್ಕೆಟ್ ಫ್ಯಾಕ್ಟರಿಯ ಬಿಸಿ ಸಿಹಿ ವಾಸನೆ ನಮ್ಮ ಹಿಂದೆ ಬರುತ್ತಿತ್ತು. ದಾದರಿನಲ್ಲಿ ಇಳಿದು ಸೇತುವೆ ದಾಟುವಾಗ ಆ ವಾಸನೆ ಹೋಗಿ ಹೂವಿನ ಮಾರ್ಕೆಟ್ಟಿನ ಚೆಂಡುಹೂವಿನದು, ಕೊಳೆತ ಎಲೆಗಳದು ಮೂಗಿಗೆ ಬಡಿಯುತ್ತಿತ್ತು. ಅಲ್ಲಿಂದ ಘಾಟ್ಕೋಪರಿನ ಚರ್ಚಿಗೆ ಸೆಂಟ್ರಲ್ ಲೈನಿನ ಗಾಡಿ.

ಇದರಲ್ಲಿ ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು ಎಂದು ಈಗಲೇ ಹೇಳಿಬಿಡುತ್ತೇನೆ. ಅಜ್ಜಿಯ ಸೀರೆ ಬಿಳಿಯದೋ ತಿಳಿನೀಲಿಯದೋ, ನನಗೆ ಆಗ ಹತ್ತೋ ಹನ್ನೊಂದೋ, ಖಚಿತವಿಲ್ಲ. ಡೈರಿ ಬರೆಯುವ ಅಭ್ಯಾಸ ಶುರುವಾದದ್ದು ಕಾಲೇಜಿನಲ್ಲಿ. ಅದಕ್ಕೂ ಹಿಂದಿನದು ಬರೀ ತಲೆಯಲ್ಲಿರುವುದು, ತಲೆಯನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಆದರೂ ಬರೆಯುತ್ತಿದ್ದೇನೆ. ಕಾರಣ, ನಮ್ಮ ಸಭೆಯವರು ಈ ವರ್ಷ ನೆನಪಿನ ಸಂಚಿಕೆ ತರುತ್ತಿದ್ದಾರೆ. "ಹೊಸಬರನ್ನು ನಮ್ಮ ಚರ್ಚು ಹೇಗೆ ಪ್ರೀತಿಯಿಂದ ಬರಮಾಡಿಕೊಳ್ಳುತ್ತಿತ್ತು ಅಂತ ಚಿಕ್ಕಂದಿನ ಒಂದು ಸಿಹಿ ನೆನಪು ಬರೆದುಕೊಡು ಮಗಾ, ಎರಡು ಪೇಜು ಸಾಕು" ಎಂದು ಫೋನು ಬಂತು. ಸಿಹಿ ನೆನಪು ನನ್ನಲ್ಲಿ ಇಲ್ಲ. ಇರುವುದನ್ನು ಕೊಡುತ್ತೇನೆ. ಅಚ್ಚು ಹಾಕುವುದು ಬಿಡುವುದು ಅವರಿಗೆ ಬಿಟ್ಟದ್ದು.

ನಮ್ಮದು ಕನ್ನಡದ ಆರಾಧನೆ. ಚರ್ಚಿನ ಕಟ್ಟಡ ಮರಾಠಿ ಸಭೆಯವರದು. ಬೆಳಿಗ್ಗೆ ಅವರ ಆರಾಧನೆ, ಸಂಜೆ ನಾಲ್ಕರಿಂದ ಆರರವರೆಗೆ ನಮ್ಮದು. ಬಂದವರಲ್ಲಿ ಹೆಚ್ಚಿನವರು ಮಂಗಳೂರು, ಉಡುಪಿ ಕಡೆಯವರು. ಗಂಡಸರು ಪ್ಯಾಂಟು ಶರ್ಟು, ಹೆಂಗಸರು ಕೊರಳಿಗೆ ಸಣ್ಣ ಸರ, ಕಾಲಿಗೆ ಒಳ್ಳೆಯ ಚಪ್ಪಲಿ. ಬೂಟು ಚಪ್ಪಲಿ ಹಾಕಿಕೊಂಡೇ ಒಳಗೆ ಹೋಗಿ ಬೆಂಚಿನಲ್ಲಿ ಕೂರುವುದು ನಮ್ಮ ಪದ್ಧತಿ. ಯಾವ ಬೆಂಚು ಯಾರದು ಎಂದು ಎಲ್ಲೂ ಬರೆದಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಇನ್ನೊಂದು ಪದ್ಧತಿ ಇತ್ತು. ಪ್ರಕಟಣೆಗಳ ಹೊತ್ತಿಗೆ ಪಾಸ್ಟರು "ಇವತ್ತು ಮೊದಲ ಸಲ ಬಂದವರು ದಯವಿಟ್ಟು ಎದ್ದು ನಿಲ್ಲಿ" ಎನ್ನುತ್ತಿದ್ದರು. ಬಂದವರು ಎದ್ದು ಹೆಸರು, ಊರು ಹೇಳುವುದು. ಸಂಡೆ ಸ್ಕೂಲಿನ ಒಂದು ಮಗು ಹೋಗಿ ಗುಲಾಬಿ ಕೊಡುವುದು. ಎಲ್ಲರೂ ಚಪ್ಪಾಳೆ ತಟ್ಟುವುದು. ಆಮೇಲೆ ಹಿಂದಿನ ಕೋಣೆಯಲ್ಲಿ ಚಾ, ಗೋಳಿಬಜೆ. ಆ ಡಿಸೆಂಬರಿನಲ್ಲಿ ಗುಲಾಬಿಯ ಡ್ಯೂಟಿ ನನ್ನದು. ದಾದರಿನಲ್ಲಿ ಅಜ್ಜಿ ಆರಿಸಿ ಆರಿಸಿ ಹೂ ತೆಗೆದುಕೊಳ್ಳುತ್ತಿದ್ದಳು. ಗಾಡಿಯ ನೂಕುನುಗ್ಗಲಿನಲ್ಲಿ ಅದನ್ನು ತಲೆಯ ಮೇಲೆ ಎತ್ತಿ ಹಿಡಿದು ಕಾಪಾಡುವುದು ನನ್ನ ಕೆಲಸ.

ಮೊದಲ ಭಾನುವಾರ, ಎರಡನೆಯ ಹಾಡಿನ ಹೊತ್ತಿಗೆ, ಅವರು ಬಂದರು. ಗಂಡ, ಹೆಂಡತಿ, ನನ್ನಷ್ಟೇ ದೊಡ್ಡ ಹುಡುಗಿ. ಬಾಗಿಲ ಹೊರಗೆ ಚಪ್ಪಲಿ ಬಿಟ್ಟರು. ತಲೆಯ ಮೇಲೆ ಸೆರಗು ಹೊದ್ದ ಆ ಹೆಂಗಸು ನಡುವಿನ ದಾರಿಯಲ್ಲಿ ಬರಿಗಾಲಲ್ಲಿ ನಡೆದು ಬಂದು, ಮೊದಲ ಬೆಂಚಿಗೂ ಮುಂದೆ, ವೇದಿಕೆಯ ಎದುರಿನ ನೆಲದ ಮೇಲೆ ಎಡಗಡೆ ಕೂತಳು. ಹುಡುಗಿ ಅವಳ ಪಕ್ಕ. ಗಂಡ ಬಲಗಡೆ, ಒಬ್ಬನೇ. ಕೂತದ್ದೇ ನಾವು ಹಾಡುತ್ತಿದ್ದ ಹಾಡಿಗೆ ದನಿ ಸೇರಿಸಿದರು. ಪುಸ್ತಕವಿಲ್ಲದೆ ಅವರಿಗೆ ಅಷ್ಟೂ ಚರಣ ಬರುತ್ತಿತ್ತು.

ಅವರ ಊರಿನ ಕಡೆ ಚರ್ಚಿನಲ್ಲಿ ಹಾಗೇ ಕೂರುವುದು ಎಂದು ನಮಗೆ ತಿಳಿದಿರಲಿಲ್ಲ. ಅವರಿಗೂ ನಮ್ಮ ಬೆಂಚುಗಳ ವಿಷಯ ತಿಳಿದಿರಲಿಲ್ಲ. ತಪ್ಪು ಎಂದರೆ ಇಷ್ಟೇ.

ಎಡ್ವಿನ್ ಅಂಕಲ್ ಸಭೆಯ ಹಿರಿಯರಲ್ಲಿ ಒಬ್ಬರು. ಬಗ್ಗಿ ನನ್ನ ಕಿವಿಯ ಹತ್ತಿರ ಬಂದರು. ಅವರ ಬಾಯಿಂದ ಲವಂಗದ ವಾಸನೆ. "ಮಗಾ, ಹೋಗಿ ಹೇಳು ಅವರಿಗೆ. ಎದುರು ಕೂರುವ ಹಾಗಿಲ್ಲ, ಹಿಂದೆ ಹೋಗಲಿಕ್ಕೆ ಹೇಳು. ಮರಾಠಿಯವರು ಯಾರಾದರೂ ನೋಡಿದರೆ ಎಂಥ ಹೇಳಿಯಾರು, ಅಲ್ವಾ?"

ನಾನು ಅಮ್ಮನ ಮುಖ ನೋಡಿದೆ. ಅಮ್ಮ ಹಾಡಿನ ಪುಸ್ತಕ ನೋಡುತ್ತಿದ್ದಳು. ನಾನು ಹೋದೆ. ಇಂಗ್ಲಿಷ್ ಮೀಡಿಯಮ್ಮಿನ ನನ್ನ ಕನ್ನಡದಲ್ಲಿ ನಯನಾಜೂಕಿಗೆ ಬೇಕಾದ ಮಾತುಗಳೇ ಇರಲಿಲ್ಲ. "ಇಲ್ಲಿ ಕೂರಬಾರದು. ಹಿಂದೆ ಹೋಗಿ." ಇಷ್ಟೇ ಹೇಳಿದ್ದು. ಈ ಮಾತಿನ ಬಗ್ಗೆ ನನಗೆ ಸಂಶಯವಿಲ್ಲ. ಹುಡುಗಿ ನನ್ನ ಕೈಯಲ್ಲಿದ್ದ ಗುಲಾಬಿಯನ್ನೇ ನೋಡುತ್ತಿದ್ದಳು. ತಾಯಿ "ಹೂನ್ರೀ ಯವ್ವಾ" ಎಂದು ಎದ್ದಳು. ಅಷ್ಟು ಚಿಕ್ಕವಳಾದ ನನಗೆ ಬಹುವಚನ.

ಅವರು ಹಿಂದಿನ ಬೆಂಚಿನಲ್ಲೂ ಕೂರಲಿಲ್ಲ. ಕೊನೆಯ ಬೆಂಚಿನ ಆಚೆ, ಬಾಗಿಲ ಹತ್ತಿರ, ಕೊಡೆ ಇಡುವ ಮೂಲೆಯ ನೆಲದಲ್ಲಿ ಕೂತರು. ಪಾಸ್ಟರು ಹೊಸಬರು ಎದ್ದು ನಿಲ್ಲಿ ಎಂದಾಗ ಬೆಂಚುಗಳ ಮೇಲೆ ಕಣ್ಣಾಡಿಸಿದರು. ಯಾರೂ ಕಾಣಲಿಲ್ಲ. "ಇವತ್ತು ಹೊಸಬರು ಯಾರೂ ಇಲ್ಲ" ಎಂದು ಮುಂದಿನ ಪ್ರಕಟಣೆಗೆ ಹೋದರು. ಚಾ ಹೊತ್ತಿಗೆ ಆ ಮೂವರು ಹೊರಟುಹೋಗಿದ್ದರು. ಗುಲಾಬಿ ನನ್ನ ಕೈಯಲ್ಲೇ ಉಳಿಯಿತು.

ಮರಳುವಾಗ ಗಾಡಿಯಲ್ಲಿ ಅಜ್ಜಿ ಹೂವನ್ನು ನೋಡಿದಳು. "ಇದು ಎಂಥದಕ್ಕೆ ಮನೆಗೆ ಬರ್ತಾ ಉಂಟು?" ಎಂದಳು. ನಾನು ಅದನ್ನು ಬೆನ್ನ ಹಿಂದೆ ಹಿಡಿದುಕೊಂಡೆ.

ಬುಧವಾರವೋ ಗುರುವಾರವೋ ಶಾಲೆ ಬಿಟ್ಟ ಮೇಲೆ ಅಜ್ಜಿ ನನ್ನನ್ನು ಕರೆದುಕೊಂಡು ಮತ್ತೆ ಘಾಟ್ಕೋಪರಿಗೆ ಹೊರಟಳು. ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಕ್ರಿಸ್ಮಸ್ಸಿಗೆಂದು ಕರಿದಿಟ್ಟ ನೆವ್ರಿಯ ಡಬ್ಬ. ಚರ್ಚಿನ ಹಿಂದೆ ಒಂದು ದೊಡ್ಡ ಬಿಲ್ಡಿಂಗು ಏಳುತ್ತಿತ್ತು. ಚರ್ಚಿನಲ್ಲಿ ಆ ಹೆಂಗಸಿನ ಬೆರಳಿನ ಸಂದಿಯಲ್ಲಿ ತನಗೆ ಸಿಮೆಂಟು ಕಂಡಿತ್ತು ಎಂದು ಅಜ್ಜಿ ಆಮೇಲೆ ಹೇಳಿದಳು. ವಾಚ್ಮನ್ನನಿಗೆ ಅರ್ಧ ಹಿಂದಿ ಅರ್ಧ ತುಳುವಿನಲ್ಲಿ ಏನೋ ಕೇಳಿದಳು. ಅವನು ತಗಡಿನ ಗುಡಿಸಲುಗಳ ಸಾಲು ತೋರಿಸಿದ.

ಅವಳ ಹೆಸರು ಸುಂದರಮ್ಮ. ಗಂಡ ದಾವೀದಪ್ಪ, ಮಗಳು ಕರುಣಾ. ಬೀದರ ಕಡೆಯ ಹಳ್ಳಿಯವರು, ಮೂರು ತಲೆಮಾರಿನಿಂದ ಕ್ರೈಸ್ತರು. ನಮ್ಮನ್ನು ಕಂಡದ್ದೇ ಸುಂದರಮ್ಮ ಮಗಳಿಗೆ ಏನೋ ಹೇಳಿದಳು. ಕರುಣಾ ಓಡಿಹೋಗಿ ವಾಚ್ಮನ್ನನ ಕೆಂಪು ಪ್ಲಾಸ್ಟಿಕ್ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ತಂದಳು. ಅದರ ಒಂದು ಕಾಲಿಗೆ ತಂತಿ ಸುತ್ತಿತ್ತು.

"ಕುಂದರ್ರಿ ಆಯಿ, ನಿಮಗ ನೆಲದಾಗ ಕೂಡಾಕ ಆಗಂಗಿಲ್ಲ."

ಅಜ್ಜಿ ಕುರ್ಚಿಯಲ್ಲಿ ಕೂತಳು. ಸುಂದರಮ್ಮ ನನಗೂ ಚಾದರ ಹಾಸಿಕೊಟ್ಟಳು. ಜೋಳದ ರೊಟ್ಟಿ, ಶೇಂಗಾ ಚಟ್ನಿ ಬಂತು. ಖಾರಕ್ಕೆ ನನ್ನ ಕಣ್ಣಲ್ಲಿ ನೀರು. ಕರುಣಾ ನಕ್ಕು, ನೆವ್ರಿ ಬಾಯಿಗೆ ಇಟ್ಟುಕೊಂಡು, "ಇದು ನಮ್ಮ ಕರ್ಚಿಕಾಯೇ ಅದ ನೋಡು" ಎಂದಳು. ಅವಳ ಶಾಲೆ ಸಮಾಚಾರ ನಾನು ಕೇಳಲಿಲ್ಲ. ಕೇಳಬಹುದಿತ್ತು.

"ಹೇಗೆ ಗೊತ್ತಾಯ್ತು ನಮ್ಮ ಸರ್ವಿಸು?" ಎಂದು ಅಜ್ಜಿ ಕೇಳಿದಳು.

"ಸ್ಲ್ಯಾಬ್ ಹಾಕೂ ಮುಂದ ಮ್ಯಾಲಿಂದ ಕೇಳಸ್ತಿತ್ರಿ. ನಮ್ಮ ಹಾಡೇ ಹಾಡ್ಲತ್ತಾರ ಅಂದ್ರು ಇವ್ರು. ಎರಡು ಭಾನುವಾರ ಮ್ಯಾಲೇ ನಿಂತು ಕೇಳೀವಿ. ಮೂರನೇದ್ದಕ್ಕ ಇಳದು ಬಂದ್ವಿ."

"ಬರುವ ವಾರ ಬನ್ನಿ. ನಾನು ಬಾಗಿಲಲ್ಲಿ ನಿಂತಿರ್ತೇನೆ."

ಸುಂದರಮ್ಮ ಅಜ್ಜಿಯ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. "ಹಿಂದ ಕುಂತ್ರ ಏನೂ ಆಗಂಗಿಲ್ರಿ. ಆದ್ರ ಅಲ್ಲಿಗಿ ಹಾಡು ಛಲೋ ಕೇಳಸೂದಿಲ್ಲ. ಮ್ಯಾಲ ನಿಂತ್ರ ಛಲೋ ಕೇಳಸ್ತದ."

ಮರಳಿ ಬರುವಾಗ ಗಾಡಿಯಲ್ಲಿ ಅಜ್ಜಿ ಹೇಳಿದಳು: "ಅವಳ ಮನೆಗೆ ಹೋದೆ, ನನಗೆ ಎಲ್ಲಿ ಹಿತವೋ ಅಲ್ಲಿ ಕೂರಿಸಿದಳು. ನಮ್ಮಲ್ಲಿಗೆ ಬಂದಾಗ ನೀನು ಅವಳನ್ನು ಎಲ್ಲಿ ಕೂರಿಸಿದೆ?" ‘ನೀನು’ ಎಂದಳೋ ‘ನಾವು’ ಎಂದಳೋ, ಇಷ್ಟು ವರ್ಷದ ಮೇಲೆ ಪ್ರಮಾಣ ಮಾಡಿ ಹೇಳಲಾರೆ. ನನಗೆ ಕೇಳಿಸಿದ್ದು ‘ನೀನು’.

ಆ ಭಾನುವಾರ ಅಜ್ಜಿ ಹೇಳಿದ ಹಾಗೆ ಬಾಗಿಲಲ್ಲಿ ನಿಂತಳು. ಗಂಟೆ ಹೊಡೆಯಿತು, ಮೊದಲ ಹಾಡು ಮುಗಿಯಿತು, ಅವರ ಸುಳಿವಿಲ್ಲ. ಅಮ್ಮ ಎರಡು ಸಲ ಬೆಂಚಿನಿಂದ ಕೈಸನ್ನೆ ಮಾಡಿ ಕರೆದಳು. ಅಜ್ಜಿ ಕದಲಲಿಲ್ಲ. ಕೊನೆಗೆ ಮೂವರೂ ಬಂದರು. ಕರುಣಾಳ ಕೂದಲಿಗೆ ಎಣ್ಣೆ ಹಚ್ಚಿ ಎರಡು ಜಡೆ ಹೆಣೆದಿತ್ತು. ಅಜ್ಜಿ ಊರುಗೋಲನ್ನು ಗೋಡೆಗೆ ಒರಗಿಸಿ, ಬಗ್ಗಿ ತನ್ನ ಚಪ್ಪಲಿ ಕಳಚಿ, ಅವರ ಚಪ್ಪಲಿಯ ಪಕ್ಕ ಇಟ್ಟಳು. ಸುಂದರಮ್ಮನ ಕೈ ಹಿಡಿದು ನಡುವಿನ ದಾರಿಯಲ್ಲಿ ನಡೆದಳು. ನಮ್ಮ ಬೆಂಚು ದಾಟಿದಳು, ಎಡ್ವಿನ್ ಅಂಕಲ್‌ರ ಬೆಂಚು ದಾಟಿದಳು. ವೇದಿಕೆಯ ಎದುರು ನಿಂತು, ಒಂದು ಕೈ ಸುಂದರಮ್ಮನ ಹೆಗಲ ಮೇಲೆ, ಇನ್ನೊಂದು ಮೊದಲ ಬೆಂಚಿನ ಅಂಚಿನ ಮೇಲೆ ಊರಿ, ಸ್ವಲ್ಪ ಸ್ವಲ್ಪವಾಗಿ ಇಳಿದು ನೆಲದ ಮೇಲೆ ಕೂತಳು. ಅವಳ ಮೊಣಕಾಲು ಸದ್ದು ಮಾಡಿದ್ದು ನನಗೆ ಕೇಳಿಸಿತು. ಇಲ್ಲ, ಅಷ್ಟು ದೂರಕ್ಕೆ ಕೇಳಿಸಿರಲಾರದು.

ಅಮ್ಮ ಓಡಿಹೋದಳು. "ಅಮ್ಮಾ, ಎಂಥ ಇದು? ಎಲ್ಲರೂ ನೋಡ್ತಿದ್ದಾರೆ."

"ನೋಡ್ಲಿ ಅಂತಲೇ ಕೂತದ್ದು."

ಅಮ್ಮ ಮುಖ ಕೆಂಪು ಮಾಡಿಕೊಂಡು ಬೆಂಚಿಗೆ ಮರಳಿದಳು. ಎಡ್ವಿನ್ ಅಂಕಲ್ ಬಂದರು. "ಸಾಲೊಮಿ ಆಂಟಿ, ಏಳಿ. ನಿಮ್ಮ ಪ್ರಾಯಕ್ಕೆ ಇದು ಚಂದವಾ?"

"ಏಳಲಿಕ್ಕೆ ಆಗುದಿಲ್ಲ ಎಡ್ವಿನಾ, ಕಾಲು ಹಿಡಿದಿದೆ. ಸರ್ವಿಸು ಮುಗಿದ ಮೇಲೆ ನಾಲ್ಕು ಜನ ಬಂದು ಎತ್ತಿ. ಅಲ್ಲಿವರೆಗೆ ಇಲ್ಲಿಂದ ಒಬ್ಬರನ್ನೂ ಏಳಿಸಬೇಡ."

ಹೊಸಬರು ಎದ್ದು ನಿಲ್ಲಿ ಎಂದು ಪಾಸ್ಟರು ಕರೆದರು. ಅವರಿಗೆ ಈಗ ಕಣ್ಣು ತಪ್ಪಿಸಲು ಜಾಗವಿರಲಿಲ್ಲ. ಸುಂದರಮ್ಮ ಎದ್ದು ಗಟ್ಟಿಯಾಗಿ ಹೆಸರು ಹೇಳಿದಳು, ಊರು ಹೇಳಿದಳು. "ಹ್ವಾದ ವಾರವೇ ಬಂದೀವ್ರಿ" ಎಂದೂ ಸೇರಿಸಿದಳು. ಚಪ್ಪಾಳೆ ಅಲ್ಲಲ್ಲಿ ಬಿತ್ತು. ಗುಲಾಬಿಯನ್ನು ಕರುಣಾಳಿಗೆ ಕೊಟ್ಟೆ. ಸರ್ವಿಸು ಮುಗಿದ ಮೇಲೆ ಅಜ್ಜಿಯನ್ನು ಎತ್ತಿದವರು ದಾವೀದಪ್ಪ ಒಂದು ಕಡೆ, ಎಡ್ವಿನ್ ಅಂಕಲ್ ಇನ್ನೊಂದು ಕಡೆ. ಎತ್ತುವಾಗ ಅಂಕಲ್ ನೆಲಕ್ಕೆ ಮೊಣಕಾಲೂರಬೇಕಾಯಿತು.

ಎಡ್ವಿನ್ ಅಂಕಲ್‌ರನ್ನು ರಾಕ್ಷಸನನ್ನಾಗಿ ಮಾಡುವುದು ಸುಲಭ, ನಾನು ಮಾಡುವುದಿಲ್ಲ. ಹದಿನಾರನೆಯ ವಯಸ್ಸಿಗೆ ಮುಂಬಯಿಗೆ ಬಂದು ಎಷ್ಟೋ ವರ್ಷ ಹೋಟೆಲಿನ ಒದ್ದೆ ನೆಲದಲ್ಲಿ ಮಲಗಿದವರು ಅವರು. ನೆಲ ಎಂದರೆ ಅವರಿಗೆ ತಾವು ಕಷ್ಟಪಟ್ಟು ಎದ್ದುಬಂದ ಜಾಗ. ಅದು ಅರ್ಥವಾಗುತ್ತದೆ. ಅರ್ಥವಾಯಿತು ಎಂಬ ಕಾರಣಕ್ಕೆ ಅವರು ಮಾಡಿದ್ದನ್ನು ಒಪ್ಪಬೇಕಾಗಿಲ್ಲ.

ಮೂರೋ ನಾಲ್ಕೋ ಭಾನುವಾರ ಅವರು ಬಂದರು, ಅಷ್ಟೂ ಸಲ ಅಜ್ಜಿ ನೆಲದಲ್ಲಿ ಕೂತಳು. ಆಮೇಲೆ ಕೆಲಸ ಮುಗಿಯಿತೋ ಬೊರಿವಲಿ ಕಡೆ ಬೇರೆ ಸೈಟಿಗೆ ಹೋದರೋ, ಕಾಣಲಿಲ್ಲ. ಅಜ್ಜಿ ಈಗ ಇಲ್ಲ. ಚರ್ಚಿನ ಹಿಂದಿನ ಆ ಬಿಲ್ಡಿಂಗಿನ ಗೇಟಿನಲ್ಲಿ ಈಗ ಯಾವ ಮನೆಗೆ ಎಂದು ಕೇಳಿ, ಫೋಟೊ ತೆಗೆದು ಒಳಗೆ ಬಿಡುತ್ತಾರೆ. ಚರ್ಚಿನಲ್ಲಿ ಮೆತ್ತನೆ ಕುರ್ಚಿಗಳು ಬಂದಿವೆ. ವೇದಿಕೆಯ ಎದುರಿನ ಆ ನೆಲದ ಮೇಲೆ ಡ್ರಮ್ಮು, ಸ್ಪೀಕರು, ವಯರು. ಕೂರುತ್ತೇನೆಂದರೂ ಅಲ್ಲಿ ಒಬ್ಬರಿಗೂ ಜಾಗವಿಲ್ಲ. ಎದೆಗೆ ಬಿಲ್ಲೆ ಹಚ್ಚಿಕೊಂಡ ಸ್ವಾಗತ ತಂಡವಿದೆ, ಹೊಸಬರ ಹೆಸರು ನಂಬರು ಬರೆದುಕೊಳ್ಳುತ್ತಾರೆ, ವಾಟ್ಸಾಪಿನಲ್ಲಿ ಗುಲಾಬಿಯ ಚಿತ್ರ ಹೋಗುತ್ತದೆ. ಒಬ್ಬರ ಮನೆ ಹುಡುಕಿಕೊಂಡು ಡಬ್ಬ ಹಿಡಿದು ಹೋಗುವ ಕಾಲು ಯಾರಿಗೂ ಇಲ್ಲ. ನನಗೂ ಇಲ್ಲ.

ಆದ್ದರಿಂದ ಸಂಚಿಕೆಯವರೇ, ನಮ್ಮ ಚರ್ಚು ಹೊಸಬರನ್ನು ಪ್ರೀತಿಯಿಂದ ಬರಮಾಡಿಕೊಂಡಿತು ಎಂದು ನಾನು ಬರೆಯುವುದಿಲ್ಲ. ಬರಮಾಡಿಕೊಂಡವಳು ಸಾಲೊಮಿ ಎಂಬ ಒಬ್ಬ ಮುದುಕಿ. ಚರ್ಚು ಕೂತು ನೋಡಿತು.

ನಾನು? ಆ ಎರಡನೆಯ ಭಾನುವಾರ ನಾನೂ ಬೂಟು ಕಳಚಿ, ಬಿಳಿ ಕಾಲುಚೀಲ ಅದರೊಳಗೆ ತುರುಕಿ, ಕರುಣಾಳ ಪಕ್ಕ ನೆಲದಲ್ಲಿ ಕೂತೆ ಎಂದು ಇಷ್ಟು ವರ್ಷ ನಂಬಿಕೊಂಡು ಬಂದಿದ್ದೇನೆ. ಫ್ರಾಕಿನ ಅಡಿಯ ತಣ್ಣನೆಯ ನೆಲ ಈಗಲೂ ಮೈಗೆ ನೆನಪಿದೆ. ಆದರೆ ಸಂಡೆ ಸ್ಕೂಲಿನಲ್ಲೂ ನಾವು ಅಂಥದೇ ತಣ್ಣನೆಯ ನೆಲದಲ್ಲಿ ಕೂರುತ್ತಿದ್ದೆವು. ಮತ್ತೆ, ಅಜ್ಜಿ ಕೂತದ್ದನ್ನು ನೆನೆದಾಗಲೆಲ್ಲ ನನಗೆ ಕಾಣುವುದು ಅವಳ ಬೆನ್ನು. ಪಕ್ಕದಲ್ಲಿ ಕೂತವಳಿಗೆ ಬೆನ್ನು ಕಾಣುವುದು ಹೇಗೆ?

ಕಳೆದ ವಾರ ಇದನ್ನು ಬರೆಯಲು ಕೂತಾಗ ಅಮ್ಮ ಅಡುಗೆಮನೆಯಲ್ಲಿ ಬಂಗುಡೆ ಸ್ವಚ್ಛ ಮಾಡುತ್ತಿದ್ದಳು. ಹೋಗಿ ಬಾಗಿಲಲ್ಲಿ ನಿಂತು ಕೇಳಿದೆ. ಅವಳು ನಳ ಇನ್ನಷ್ಟು ಜೋರಾಗಿ ಬಿಟ್ಟಳು. ಊಟದ ಹೊತ್ತಿಗೆ ಮತ್ತೆ ಕೇಳಿದೆ. ಮೀನಿನ ಮುಳ್ಳು ಬಿಡಿಸಿ ನನ್ನ ತಟ್ಟೆಗೆ ಹಾಕಿದಳು, ಚಿಕ್ಕಂದಿನಲ್ಲಿ ಹಾಕುತ್ತಿದ್ದ ಹಾಗೆ. ನಾನು ಕೇಳಿದ್ದು ಇಷ್ಟೇ:

"ಅಮ್ಮಾ, ಆವತ್ತು ನಾನು ಅಜ್ಜಿಯ ಪಕ್ಕ ಕೂತಿದ್ದೆನಾ, ನಿನ್ನ ಪಕ್ಕವಾ?"