ಮೂರು ಸಾಲು ಹೊಲಿಗೆ

ಕ್ಯಾನ್ಸರ್ ವಾರ್ಡಿಗೆ ಔಷಧಿ ಅಳೆದು ಕೊಡುವುದರಲ್ಲೇ ಹತ್ತೊಂಬತ್ತು ವರ್ಷ ಸವೆಸಿದ ಫಾರ್ಮಸಿಸ್ಟ್ ಎಲ್ಲರ ಬಾಯಲ್ಲೂ ಅಕ್ಕ. ರೋಗಿಯ ತೂಕ ಇಳಿದಿದ್ದರೆ ಹಳೆಯ ಡೋಸೇ ವಿಷ. ಆದರೂ ಅಂದು ನರ್ಸ್, ಕಿಮೋಗೆ ಬಂದಿದ್ದ ದರ್ಜಿಯಮ್ಮನಿಗೆ ಹೋದ ತಿಂಗಳ ತೂಕವನ್ನೇ ಬರೆದಿದ್ದಳು.

"ಅಂಗಿ ಮೈಗೆ ಸರಿಯಾಗೇ ಕೂತಿದೆಯಲ್ಲಾ ಅಕ್ಕಾ, ಇಳಿದಿರಲ್ಲ ಅನ್ಕೊಂಡೆ."

"ಕಣ್ಣಂದಾಜಿಗೆ ಇದೇನು ಅಡುಗೆಗೆ ಹಾಕೋ ಉಪ್ಪೇನೇ?"

ಸಿಡುಕುತ್ತಲೇ ಅಕ್ಕ ದರ್ಜಿಯಮ್ಮನನ್ನು ತೂಕದ ಯಂತ್ರ ಹತ್ತಿಸಿದಳು. ಆರು ಕಿಲೋ ಕಮ್ಮಿ! ಅಂಗಿಯ ಪಕ್ಕದ ಅಂಚು ಮಗುಚಿ ನೋಡಿದರೆ, ಒಂದರೊಳಗೊಂದು ಮೂರು ಸಾಲು ಹೊಲಿಗೆ.

"ಸೊರಗಿದ್ದು ಮಕ್ಕಳಿಗೆ ಕಾಣ್ಬಾರ್ದು ಅಂತ ಹಿಡಿದು ಹೊಲ್ಕೊಂಡೆ."

ಅಕ್ಕ ಡೋಸ್ ತಿದ್ದಿದಳು. ದರ್ಜಿಯಮ್ಮ ಅವಳ ಬಿಳಿ ಕೋಟಿನ ಹೆಗಲನ್ನು ಎರಡು ಬೆರಳಲ್ಲಿ ಎತ್ತಿ ನೋಡಿದಳು.

"ಇದೂ ಜೋತುಬಿದ್ದಿದೆಯಲ್ಲಮ್ಮಾ. ಬಿಚ್ಚಿ ಕೊಡು, ಹಿಡಿದು ಹೊಲಿದು ಕೊಡ್ತೀನಿ."