ಡ್ರಮ್ಮುಗಳ ನೌಕರಿ

ಪಕ್ಕದ ಊರು ಇಟಾಸ್ಕಾಗೆ ಇಂಟರ್‌ವ್ಯೂಗೆಂದು ಹೊರಟವನು ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡೆ. ಅದೂ ಎಲ್ಲಿ? ಹೋದ ತಿಂಗಳವರೆಗೆ ನಾನೇ ಎಂಜಿನಿಯರ್ ಆಗಿದ್ದ ಸೇತುವೆಯ ಹತ್ತಿರ! ರಾಜ್ಯ ಸರ್ಕಾರ ದುಡ್ಡು ನಿಲ್ಲಿಸಿತ್ತು, ಕೆಲಸ ನಿಂತಿತ್ತು, ನಮ್ಮನ್ನೆಲ್ಲ ಮನೆಗೆ ಕಳಿಸಿದ್ದರು. ಒಂದು ಲೇನ್ ಮುಚ್ಚಲು ಇಟ್ಟ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಡ್ರಮ್ಮುಗಳು ಮಾತ್ರ ಠೀವಿಯಿಂದ ನಿಂತಿದ್ದವು. ಗಾಳಿಗೆ ಬಿದ್ದವನ್ನು ರಹೀಮ್ ಅಂಕಲ್ ಎತ್ತಿ ನಿಲ್ಲಿಸುತ್ತಿದ್ದರು. ತುಮಕೂರಿನ ಕಡೆಯಿಂದ ಈ ದೇಶಕ್ಕೆ ಬಂದವರು, ಈ ಡ್ರಮ್ಮುಗಳನ್ನು ಬಾಡಿಗೆಗೆ ಕೊಡುವ ವ್ಯಾಪಾರ ಅವರದು.

ಕಿಟಕಿ ಇಳಿಸಿದೆ. "ಇನ್ನೂ ಇವನ್ನ ತಗೊಂಡು ಹೋಗಿಲ್ವಾ ಅಂಕಲ್?"

"ಹೆಂಗಪ್ಪಾ ತಗೊಂಡು ಹೋಗ್ಲಿ? ನೀವು ಅಗೆದಿಟ್ಟ ಗುಂಡಿ ಹಂಗೇ ಇದೆಯಲ್ಲ. ಬಾಡಿಗೆ ಸರ್ಕಾರ ಕೊಡ್ತಾನೇ ಇದೆ," ಎಂದವರು ನನ್ನ ಟೈ ನೋಡಿ ಸಂಕೋಚದಿಂದ ಮುಖ ತಿರುಗಿಸಿಕೊಂಡರು.

ನಮ್ಮ ಸಂಬಳಕ್ಕಿಲ್ಲದ ದುಡ್ಡು ಡ್ರಮ್ಮಿಗಿತ್ತು. ಮುಂದಿನ ಜನ್ಮ ಅಂತಿದ್ದರೆ ಪ್ಲಾಸ್ಟಿಕ್ಕಿನದೇ ಆಗಲಿ ಅಂದುಕೊಂಡೆ.

ಇಂಟರ್‌ವ್ಯೂಗೆ ತಡವಾಗಿ ತಲುಪಿದೆ. ಯಾಕೆ ಲೇಟು ಎಂದು ಕೇಳಿದ ಮ್ಯಾನೇಜರಿಗೆ ರಸ್ತೆ ಕೆಲಸ ಅಂದೆ.

ಆತನ ಮುಖ ಅರಳಿತು. "ಒಳ್ಳೇದಾಯ್ತು ಬಿಡಿ. ಈ ಕಾಲದಲ್ಲೂ ಸರ್ಕಾರ ನಾಲ್ಕು ಜನಕ್ಕೆ ಕೆಲಸ ಕೊಡ್ತಿದೆಯಲ್ಲ!"

ನನಗೆ ನೌಕರಿ ಬೇಕಿತ್ತು. ಹೌದು ಸಾರ್, ಹೌದು ಅಂದೆ.